ಎದರಾಗ ಮಾಡ್ಯಾರ, ಹ್ಯಾಂಗ ಮಾಡ್ಯಾರ

ಕಲಬುರಗಿಯಲ್ಲಿ ಚಿತ್ರಪ್ರದರ್ಶನ ಇದ್ದಾಗ ನಾನು ಚಿತ್ರ ನೋಡುವುದರ ಜೊತೆಗೆ ನೋಡಲು ಬಂದವರ ಮಾತನ್ನೂ ಕೇಳಿಸಿಕೊಳ್ಳುತ್ತೇನೆ. ಅಮೂರ್ತ ಚಿತ್ರದ, ಅಂದರೆ ಗುರುತು ಹಿಡಿಯುವ ಆಕಾರ ಇಲ್ಲದ ಚಿತ್ರದ, ಮುಂದೆ ಬಂದಾಗ ಹೆಚ್ಚಿನವರು ಕೇಳುವುದು ಒಂದೇ ಮಾತು: ‘ಇದ್ರಾಗ ಏನ್ ಅದ ರೀ?’ ಆ ದನಿಯಲ್ಲಿ ಸಿಟ್ಟು ಇರುವುದಿಲ್ಲ. ಏನೋ ಇದೆ, ನಮಗೆ ಕಾಣುತ್ತಿಲ್ಲ, ಗೊತ್ತಿದ್ದವರು ಯಾರಾದರೂ ಹೇಳಲಿ ಎಂಬ ಸಂಕೋಚ ಇರುತ್ತದೆ. ಚಿತ್ರ ಮಾಡಿದವರು ಪಕ್ಕದಲ್ಲೇ ಇದ್ದರೆ ‘ನಿಮಗ ಏನ್ ಕಾಣ್ತದೋ ಅದೇ ರೀ’ ಎಂದು ನಗುತ್ತಾರೆ. ಈ ಉತ್ತರ ನನಗೆ ಸಾಲದು ಅನಿಸುತ್ತದೆ. ಪಾಪ, ಕೇಳಿದವರು ಬರಿಗೈಯಲ್ಲಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ.

ಅವರು ಹಾಗೆ ಕೇಳುವುದಕ್ಕೆ ಕಾರಣವೂ ಇದೆ. ಇದು ಎಸ್.ಎಂ. ಪಂಡಿತರ ಊರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈ ಸೇರಿ, ಸಿನಿಮಾ ಪೋಸ್ಟರ್ ಬರೆದು, ಪುರಾಣದ ಚಿತ್ರ ಬರೆದು, ಕ್ಯಾಲೆಂಡರ್ ಮೂಲಕ ಮನೆಮನೆಯ ಗೋಡೆಗೆ ಹೋದವರು ಅವರು. ಅವರ ಹೆಸರಿನ ರಂಗಮಂದಿರ ಊರಲ್ಲಿದೆ. ಅವರ ಚಿತ್ರದಲ್ಲಿ ಬಣ್ಣ ತಾನು ಬಣ್ಣ ಎಂಬುದನ್ನೇ ಮರೆಸುತ್ತದೆ. ಸೀರೆ ರೇಷ್ಮೆಯಾಗಿ ಕಾಣುತ್ತದೆ, ತೋಳು ತೋಳಾಗಿ ಕಾಣುತ್ತದೆ. ಅದು ದೊಡ್ಡ ವಿದ್ಯೆ. ಅಂಥ ಚಿತ್ರಗಳಲ್ಲಿ ಪಳಗಿದ ಕಣ್ಣು ಬಣ್ಣದ ಹಿಂದೆ ಯಾರಿದ್ದಾರೆ ಎಂದು ಹುಡುಕುವುದು ಸಹಜ, ಅಲ್ವಾ?

ಅಮೂರ್ತ ಚಿತ್ರದಲ್ಲಿ ಬಣ್ಣದ ಹಿಂದೆ ಯಾರೂ ಇರುವುದಿಲ್ಲ. ಬಣ್ಣವೇ ಇರುತ್ತದೆ. ಅದನ್ನು ಸುರಿದಿದ್ದಾರೋ, ಒರೆಸಿದ್ದಾರೋ, ಕೆರೆದಿದ್ದಾರೋ, ಸುಟ್ಟಿದ್ದಾರೋ ಎಂಬುದರಲ್ಲೇ ವಿಷಯ ಇರುತ್ತದೆ. ಹಾಗಾಗಿ ಹೈಸ್ಕೂಲಿನಲ್ಲಿ ನಾನು ಕಲಿಸುವ ಮಕ್ಕಳಿಗೆ ಬೇರೆ ಪ್ರಶ್ನೆ ಹೇಳಿಕೊಟ್ಟಿದ್ದೇನೆ. ಇದನ್ನು ಎದರಾಗ ಮಾಡ್ಯಾರ, ಹ್ಯಾಂಗ ಮಾಡ್ಯಾರ? ಇಷ್ಟು ಕೇಳಿದರೆ ಅರ್ಧ ದಾರಿ ಸಾಗಿದಂತೆ. ಈ ಪ್ರಶ್ನೆಗೆ ನಮ್ಮ ಭಾಗದಲ್ಲಿ ಒಳ್ಳೆಯ ತಾಲೀಮು ಸಿಗುತ್ತದೆ, ಹಳೆಯ ಬೀದರಿನ ಬಿದ್ರಿ ಕೆಲಸದ ಅಂಗಡಿಗಳಲ್ಲಿ.

ಗಾಜಿನ ಕಪಾಟಿನೊಳಗೆ ಬಿದ್ರಿ ಅಂದರೆ ಕಪ್ಪು ಹೂಜಿ, ಅದರ ಮೇಲೆ ಬೆಳ್ಳಿ ಬಳ್ಳಿ. ಕೆಲಸಗಾರರ ಪಕ್ಕ ಕೂತು ನೋಡಿದರೆ ಬೇರೆಯದೇ ಕಥೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ. ಮರಳಿನ ಅಚ್ಚಿನಲ್ಲಿ ಎರೆಯುತ್ತಾರೆ. ಹೊರಬಂದ ತುಂಡು ಬೂದು ಬಣ್ಣದ್ದು, ಒರಟು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ. ಈ ಕಪ್ಪು ತಾತ್ಕಾಲಿಕ, ಕೆತ್ತುವ ಗೆರೆ ಕಣ್ಣಿಗೆ ಬೀಳಲಿ ಎಂದು ಮಾಡಿದ್ದು. ಆಮೇಲೆ ಉಳಿಯಿಂದ ಗೆರೆ ತೆಗೆದು, ಗೆರೆಯೊಳಗೆ ಬೆಳ್ಳಿ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಮೊದಲಿನ ಕಪ್ಪು ಹೋಗಿಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ಬೂದು ಲೋಹದ ಮೇಲೆ ಬೆಳ್ಳಿ ಇದೆ, ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ದಿನಗಟ್ಟಲೆ ಕೆತ್ತಿದ ಚಿತ್ತಾರ ಎದುರಿಗೇ ಇದ್ದರೂ ಕಾಣುವುದಿಲ್ಲ. ಬೆಳಕಿಗೆ ವಾರೆಯಾಗಿ ಹಿಡಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಕೊನೆಗೆ ಕೋಟೆಯ ಮಣ್ಣು ಬರುತ್ತದೆ. ಬಿಸಿಲು, ಮಳೆ ಬೀಳದ ಜಾಗದ ಮಣ್ಣೇ ಆಗಬೇಕು. ಅದನ್ನು ನಾಲಿಗೆಗೆ ತಾಗಿಸಿ ರುಚಿಯ ಮೇಲೆ ಆರಿಸುತ್ತಾರೆ. ನವಸಾಗರ ಎಂಬ ಲವಣದ ಜೊತೆ ನೀರಿನಲ್ಲಿ ಕಲಸಿ, ತುಂಡನ್ನು ಹದವಾಗಿ ಬಿಸಿ ಮಾಡಿ, ಮೈತುಂಬ ಉಜ್ಜುತ್ತಾರೆ. ಸತು ತಾಮ್ರದ ಮೈ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಇಷ್ಟು ಹೊತ್ತು ಅಡಗಿದ್ದ ಚಿತ್ತಾರ ಒಮ್ಮೆಲೇ ಎದ್ದು ಕೂರುತ್ತದೆ. ಎಣ್ಣೆ ಸವರಿದ ಮೇಲೆ ಕಪ್ಪು ಇನ್ನೂ ಆಳವಾಗುತ್ತದೆ.

ಇಲ್ಲಿ ಯಾರೂ ಕಪ್ಪು ಬಣ್ಣ ಬಳಿದಿಲ್ಲ. ಆ ಕಪ್ಪು ಲೋಹದ್ದೇ. ತಾಮ್ರದ ಆ ಒಂದು ಪಾಲು ಇಲ್ಲದಿದ್ದರೆ ಅಂಥ ಕಪ್ಪು ಬರುವುದಿಲ್ಲ. ಒಂದು ತಗಡಿಗೆ ಕಪ್ಪು ಪೇಂಟ್ ಹೊಡೆದು, ಮೇಲೆ ಬೆಳ್ಳಿ ಬಣ್ಣದಲ್ಲಿ ಅದೇ ಬಳ್ಳಿ ಬರೆದರೂ ದೂರದಿಂದ ಹಾಗೇ ಕಾಣಬಹುದು. ಆದರೆ ಒಂದರಲ್ಲಿ ಒಂದೇ ಹಿಡಿ ಮಣ್ಣಿಗೆ ಎರಡು ಲೋಹಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಇನ್ನೊಂದರಲ್ಲಿ ಎರಡು ಬಣ್ಣ ಪಕ್ಕಪಕ್ಕ ಕೂತಿವೆ, ಅಷ್ಟೇ. ನೋಡುವವರಿಗೆ ಈ ವ್ಯತ್ಯಾಸ ಗೊತ್ತಾದ ಮೇಲೆ ಎರಡನ್ನೂ ಒಂದೇ ರೀತಿ ನೋಡಲು ಆಗುವುದಿಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನನಗಾದ ಸಂತೋಷದಲ್ಲಿ ಇದೂ ಸೇರಿತ್ತು. ಆ ಗೌರವ ಹೂಬಳ್ಳಿಯ ಚೆಂದಕ್ಕೆ ಸಂದಷ್ಟೇ ಈ ಮಣ್ಣು, ಲೋಹ, ಬೆಂಕಿಯ ತಿಳಿವಿಗೂ ಸಂದಿದೆ.

(ಬೀದರ್ ಕೋಟೆ ಕಟ್ಟಿರುವ ನೆಲದ ಕೆಂಪು ಜಂಬಿಟ್ಟಿಗೆ ಕಲ್ಲೂ ಇಂಥದ್ದೇ. ಭೂಮಿಯಿಂದ ಕಡಿದು ತೆಗೆಯುವಾಗ ಮೆದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಊರಿನಲ್ಲಿ ಯಾವ ವಸ್ತುವೂ ಇದ್ದ ಹಾಗೆ ಇರುವುದಿಲ್ಲ.)

ಬಿದ್ರಿಯಲ್ಲಿ ಹೂವಿದೆ, ಬಳ್ಳಿಯಿದೆ, ಅದು ಅಮೂರ್ತ ಕಲೆ ಹೇಗಾಗುತ್ತದೆ ಎಂದು ನೀವು ಕೇಳಬಹುದು. ಅದು ಅಮೂರ್ತ ಕಲೆ ಅಂತ ನಾನು ಹೇಳುತ್ತಿಲ್ಲ. ಹೂಬಳ್ಳಿಯನ್ನು ತೆಗೆದು ಹಾಕಿ, ಮಣ್ಣು ಲೋಹಗಳ ಆ ಘಟನೆಯನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ? ಅಲ್ಲಿಂದ ಮುಂದೆ ನಾನು ಹೇಳಬೇಕಾದ ಕಲಾವಿದ ಸೋಮನಾಥ ಹೋರ್.

ಅವರು 1921ರಲ್ಲಿ, ಈಗಿನ ಬಾಂಗ್ಲಾದೇಶದ ಚಟಗಾಂವ್ ಕಡೆ ಹುಟ್ಟಿದವರು. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಹಸಿದವರ ಚಿತ್ರ ಬರೆದರು. ಆಗ ಅವರ ಕಾಗದದ ಮೇಲೆ ಮನುಷ್ಯರಿದ್ದರು, ಎದೆಗೂಡು ಕಾಣುತ್ತಿತ್ತು. 1970ರ ದಶಕದಲ್ಲಿ, ಶಾಂತಿನಿಕೇತನದಲ್ಲಿದ್ದಾಗ, ‘ಗಾಯಗಳು’ ಎಂಬ ಸರಣಿ ಮಾಡಿದರು. ಇದರಲ್ಲಿ ಮನುಷ್ಯರಿಲ್ಲ. ಬಿಳಿ ಕಾಗದ, ಅದರಲ್ಲಿ ಬಿಳಿಯದೇ ಸೀಳು, ಗುಳಿ, ಉಬ್ಬು. ಕೆಲವು ಕಡೆ ಚೂರು ಕೆಂಪು. ಅದರ ಫೋಟೊ ತೋರಿಸಿದರೆ ಮಕ್ಕಳು ಮೊದಲು ಹೇಳುವುದು ‘ಖಾಲಿ ಅದ ರೀ ಟೀಚರ್’ ಅಂತ.

ಹ್ಯಾಂಗ ಮಾಡ್ಯಾರ ಅಂತ ಹೇಳಿದ ಮೇಲೆ ಕೋಣೆ ಬದಲಾಗುತ್ತದೆ. ಹೋರ್ ಜೇಡಿಮಣ್ಣನ್ನು ಹಲಗೆಯ ಹಾಗೆ ಹರಡಿ, ಅದನ್ನು ಚಾಕುವಿನಿಂದ ಸೀಳುತ್ತಿದ್ದರು, ಚುಚ್ಚುತ್ತಿದ್ದರು, ಹರಿಯುತ್ತಿದ್ದರು. ಅದರ ಮೇಲೆ ಸಿಮೆಂಟ್ ಹಾಕಿ ಅಚ್ಚು ತೆಗೆಯುತ್ತಿದ್ದರು. ಮಣ್ಣಿನಲ್ಲಿ ತಗ್ಗಾಗಿದ್ದ ಗಾಯ ಸಿಮೆಂಟಿನಲ್ಲಿ ಉಬ್ಬಾಗಿ ಬರುತ್ತಿತ್ತು. ಆ ಸಿಮೆಂಟ್ ಅಚ್ಚಿನ ಮೇಲೆ ಕಾಗದದ ಹಸಿ ತಿರುಳು ಒತ್ತಿ ಒಣಗಿಸಿದರೆ ಗಾಯ ಮತ್ತೆ ತಗ್ಗಾಗಿ ಬರುತ್ತದೆ. ಈಗ ಯೋಚಿಸಿ. ಆ ಕಾಗದಕ್ಕೆ ಚಾಕು ತಗುಲಿಯೇ ಇಲ್ಲ. ಯಾರೂ ಅದನ್ನು ಹರಿದಿಲ್ಲ. ಅದು ಹುಟ್ಟುವಾಗಲೇ ಗಾಯದ ಜೊತೆ ಹುಟ್ಟಿದೆ. ಬಂಗಾಳದ ಹಸಿವನ್ನು ಕಂಡ ಒಬ್ಬ ಮನುಷ್ಯ, ಸುಮಾರು 30 ವರ್ಷ ಆದ ಮೇಲೆ, ಗಾಯವಿಲ್ಲದ ಒಂದು ಕಾಗದವೇ ಇಲ್ಲ ಎಂಬಂತೆ ಕಾಗದ ಮಾಡಿದ. ಇದನ್ನು ಅವರು ಪೆನ್ಸಿಲಿನಲ್ಲಿ ಬರೆದಿದ್ದರೆ ಗಾಯದ ಚಿತ್ರ ಆಗುತ್ತಿತ್ತು. ಈಗ ಅದು ಗಾಯಗೊಂಡ ಕಾಗದ. ನನ್ನ ಮಟ್ಟಿಗೆ ಭಾರತದ ಕಲೆಯಲ್ಲಿ ಇದಕ್ಕಿಂತ ಗಟ್ಟಿ ಕೆಲಸ ಕಡಿಮೆ.

ಇಟಲಿಯ ಲೂಚಿಯೋ ಫೊಂಟಾನಾ 1958ರಿಂದ ಕ್ಯಾನ್ವಾಸನ್ನೇ ಬ್ಲೇಡಿನಿಂದ ಸೀಳತೊಡಗಿದರು. ಒಂದೇ ಎಳೆತಕ್ಕೆ, ಮೇಲಿಂದ ಕೆಳಗೆ. ಸೀಳಿನ ಹಿಂದೆ ಕಪ್ಪು ಬಟ್ಟೆ ಅಂಟಿಸುತ್ತಿದ್ದರು, ಆಚೆ ಕತ್ತಲು ಕಾಣಲಿ ಎಂದು. ಅಲ್ಲೂ ಸೀಳು, ಇಲ್ಲೂ ಸೀಳು. ಆದರೆ ಫೊಂಟಾನಾರ ಸೀಳಿನ ಮುಂದೆ ನಿಂತರೆ ಆಚೆಗೆ ಏನಿದೆ ಎಂದು ಕಣ್ಣು ಒಳಗೆ ಹೋಗುತ್ತದೆ. ಅಲ್ಲಿ ನೋವಿಗಿಂತ ಬಾಗಿಲು ತೆರೆದ ಭಾವ ಜಾಸ್ತಿ. ಬಿಗಿದು ಕಟ್ಟಿದ ಬಟ್ಟೆ, ಚೂಪು ಬ್ಲೇಡು, ತಡೆಯದ ಕೈ. ಹೋರ್ ಅವರದ್ದು ಮೆತ್ತನೆ ಮಣ್ಣು, ಒಣಗುವ ತಿರುಳು, ಕಾಯುವ ಕೈ. ಆಕಾರ ಒಂದೇ ಆದರೂ ಅರ್ಥ ಬೇರೆಯಾಯಿತು. ಬೇರೆ ಮಾಡಿದ್ದು ವಸ್ತು ಮತ್ತು ಮಾಡಿದ ಬಗೆ.

ಮೂರನೆಯ ಒಂದು ಸೀಳು ನಮ್ಮ ಮನೆಬಾಗಿಲಲ್ಲೇ ಇದೆ. ಜೇವರ್ಗಿ, ಅಫಜಲಪುರ, ಶಹಾಪುರ, ಯಾವ ಕಡೆ ಹೋದರೂ ಎರಿ ಭೂಮಿ. ಈ ಕರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿದು ಕೈ ಇಳಿಯುವಷ್ಟು ಸಂದು ಬೀಳುತ್ತದೆ. ಇಲ್ಲಿ ಚಾಕು ಹಿಡಿದವರೇ ಇಲ್ಲ. ಮಣ್ಣು ತನ್ನನ್ನು ತಾನೇ ಸೀಳಿಕೊಳ್ಳುತ್ತದೆ.

ನಮ್ಮ ಶಾಲೆಯಲ್ಲಿ ನಾವು ಇದನ್ನೇ ಪಾಠ ಮಾಡಿಕೊಂಡಿದ್ದೇವೆ. ಮಕ್ಕಳು ತಮ್ಮ ಹೊಲದ ಮಣ್ಣು ತರುತ್ತಾರೆ. ಪ್ಲೈವುಡ್ ತುಂಡುಗಳ ಮೇಲೆ ಹಚ್ಚುತ್ತೇವೆ. ಒಂದಕ್ಕೆ ಬರೀ ನೀರು. ಒಂದಕ್ಕೆ ಫೆವಿಕಾಲ್. ಒಂದಕ್ಕೆ ಸಗಣಿ, ಹೊಟ್ಟು ಕಲಸಿದ್ದು. ನೀರಿನದು ಮರುದಿನಕ್ಕೆಲ್ಲ ತುಂಡುತುಂಡಾಗಿ ಅಂಚು ಮೇಲೆತ್ತಿಕೊಂಡು ನಿಲ್ಲುತ್ತದೆ. ಫೆವಿಕಾಲ್ ಹಾಕಿದ್ದು ಬಿರುಕು ಬಿಟ್ಟರೂ ಹಲಗೆಯನ್ನು ಬಿಡುವುದಿಲ್ಲ. ಹೊಟ್ಟಿನದು ಹೆಚ್ಚುಕಡಿಮೆ ಸೀಳುವುದೇ ಇಲ್ಲ. ಮಣ್ಣಿನ ಮನೆಯ ಗೋಡೆಗೆ ಹೊಟ್ಟು ಯಾಕೆ ಕಲಸುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಮೂರೂ ಹಲಗೆಯಲ್ಲಿ ಮಣ್ಣು ಒಂದೇ. ಆದರೆ ಒಂದು ಬರಗಾಲದ ಹಾಗೆ ಕಾಣುತ್ತದೆ, ಇನ್ನೊಂದು ಅಜ್ಜಿಯ ಮನೆಯ ಗೋಡೆಯ ಹಾಗೆ. ಈ ಹೋಲಿಕೆ ಮಕ್ಕಳೇ ಮಾಡಿದ್ದು, ನಾನು ಸುಮ್ನೆ ಕೇಳುತ್ತಾ ಕೂತಿದ್ದೆ.

ಅದೇ ಹೊತ್ತಿಗೆ ಶಾಲೆಯ ಕಾಂಪೌಂಡ್ ರಿಪೇರಿಗೆ ಬಂದಿದ್ದ ಗೌಂಡಿ ಒಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

‘ಹೊಟ್ಟು ಹಾಕ್ರಿ ಅಕ್ಕಾರ, ಸೀಳಂಗಿಲ್ಲ.’

‘ಸೀಳಬೇಕಂತಲೇ ಮಾಡೀವ್ರೀ ಅಣ್ಣಾರ.’

ಅವರಿಗೆ ಆಶ್ಚರ್ಯ ಆಗಲಿಲ್ಲ. ಒಳಗೆ ಬಂದು ಹಲಗೆ ಮುಟ್ಟಿ ನೋಡಿದರು. ‘ಹಂಗಾದ್ರ ಎಂಥಾ ಸೀಳು ಬೇಕು ಹೇಳ್ರಿ. ತೆಳ್ಳಗ ಹಚ್ಚಿದ್ರ ಸಣ್ಣ ಸಣ್ಣವು ಬರ್ತಾವ. ದಪ್ಪ ಹಚ್ಚಿದ್ರ ದೊಡ್ಡ ದೊಡ್ಡ ತುಂಡು ಆಗ್ತಾವ. ನಡುವ ದಪ್ಪ, ಅಂಚಿಗಿ ತೆಳ್ಳಗ ಹಚ್ರಿ, ಎರಡೂ ಬರ್ತಾವ.’

ಚಿತ್ರಕಲೆಯ ಬಗ್ಗೆ ನಾನು ಕೇಳಿದ ಅತ್ಯಂತ ಉಪಯೋಗದ ಮಾತುಗಳಲ್ಲಿ ಇದೂ ಒಂದು. ಎಂಥಾ ಸೀಳು ಬೇಕು? ಮಣ್ಣು ತಾನಾಗಿ ಸೀಳುತ್ತದೆ, ಎಲ್ಲಿ ಸೀಳಬೇಕು ಅಂತ ನಾವು ಗೆರೆ ಎಳೆಯಲು ಆಗುವುದಿಲ್ಲ. ಆದರೆ ದಪ್ಪ ಎಷ್ಟು, ನೆರಳೋ ಬಿಸಿಲೋ, ಅಂಟು ಎಷ್ಟು ಎಂಬುದು ನಮ್ಮ ಕೈಯಲ್ಲಿದೆ. ಅರ್ಧ ನಮ್ಮದು, ಅರ್ಧ ಮಣ್ಣಿನದು. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಿಂದೆ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದರು. ಅವರೂ ಈ ಹಂಚಿಕೆಯನ್ನು ತಿಳಿದೇ ಕಲ್ಲಿಗೆ ಏಟು ಹಾಕಿರಬೇಕು. ಕಲ್ಲಿನ ಪದರ ಎತ್ತ ಒಡೆಯುತ್ತದೋ ಅತ್ತ ಕೈ ಹೋಗಬೇಕು, ಇಲ್ಲದಿದ್ದರೆ ಕಲ್ಲು ಪುಡಿಯಾಗುತ್ತದೆ. ಶಹಾಬಾದಿನ ಖಣಿಗಳಲ್ಲಿ ಪರ್ಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಎಬ್ಬಿಸುವವರಿಗೂ ಇದು ಗೊತ್ತು.

ಇನ್ನೊಂದು ಮಾತು ಪದೇಪದೇ ಕೇಳಿಬರುತ್ತದೆ: ‘ಇಷ್ಟ ನಮ್ಮ ಮಗಾನೂ ಮಾಡ್ತಾನ ಬಿಡ್ರಿ.’ ಅಮೆರಿಕದ ಜಾಕ್ಸನ್ ಪೊಲಾಕ್‌ನ ಚಿತ್ರ ತೋರಿಸಿದಾಗಂತೂ ಖಂಡಿತ ಬರುತ್ತದೆ. ಪೊಲಾಕ್ 1947ರಿಂದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮನೆಗೆ ಹೊಡೆಯುವಂಥ ಎನಾಮೆಲ್ ಪೇಂಟನ್ನು ಕೋಲಿನಿಂದ, ಗಟ್ಟಿಯಾದ ಬ್ರಷ್ಷಿನಿಂದ ಮೇಲಿಂದ ಸುರಿಯುತ್ತಿದ್ದ. ನಾನು ಹೀಗೆ ಹೇಳಿದವರಿಗೆ ರಂಗೋಲಿ ನೆನೆಸಿಕೊಳ್ಳಿ ಅನ್ನುತ್ತೇನೆ. ರಂಗೋಲಿಯ ಗೆರೆಯನ್ನು ನಾವು ಎಳೆಯುವುದಿಲ್ಲ, ಉದುರಿಸುತ್ತೇವೆ. ಬೆರಳು ನೆಲ ಮುಟ್ಟುವುದಿಲ್ಲ. ಕೈ ಬೇಗ ಓಡಿದರೆ ಗೆರೆ ತೆಳು, ತಡೆದರೆ ದಪ್ಪ. ಕೈ ಎತ್ತರ ಹೋದರೆ ಪುಡಿ ಚೆಲ್ಲುತ್ತದೆ. ಹತ್ತು ವರ್ಷ ರಂಗೋಲಿ ಹಾಕಿದವರ ಗೆರೆ ಮತ್ತು ಹೊಸಬರ ಗೆರೆ ನೋಡಿದ ಕೂಡಲೇ ಗೊತ್ತಾಗುತ್ತದಲ್ವಾ? ಪೊಲಾಕ್‌ನ ಚಿತ್ರದಲ್ಲೂ ನೋಡಬೇಕಾದದ್ದು ಅದೇ. ಗೆರೆ ಎಲ್ಲಿ ತೆಳುವಾಗಿದೆ, ಎಲ್ಲಿ ಮಡುಗಟ್ಟಿದೆ, ಯಾವುದು ಒಣಗಿದ ಮೇಲೆ ಯಾವುದು ಬಿದ್ದಿದೆ. ಆಗ ಕ್ಯಾನ್ವಾಸಿನ ಸುತ್ತ ಒಬ್ಬ ಮನುಷ್ಯ ನಡೆದಾಡಿದ ದಾರಿ ಕಾಣತೊಡಗುತ್ತದೆ.

ಈಗ ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಕಡೆ ಹೋಗೋಣ. ತೊಗರಿ ಹಂಗಾಮಿನಲ್ಲಿ ಕಲಬುರಗಿಯ ನೆಹರು ಗಂಜಿಗೆ ಹೋದವರಿಗೆ ಗೋಣಿಚೀಲದ ರಾಶಿ ಗೊತ್ತು. ಒಂದು ಹಳೆಯ ಚೀಲವನ್ನು ಹತ್ತಿರದಿಂದ ನೋಡಿ. ಹಮಾಲರ ಕೊಕ್ಕೆ ಚುಚ್ಚಿದ ತೂತು. ದಬ್ಬಣ, ಸುತಳಿಯಿಂದ ಹೊಲಿದ ಗೆರೆ, ಬಿಚ್ಚಿ ಮತ್ತೆ ಹೊಲಿದ ಗೆರೆ. ಅಂಗಡಿಯ ಗುರುತಿನ ಬಣ್ಣ. ಮಳೆಗೆ ನೆನೆದ ಕಲೆ. ಇಟಲಿಯ ಆಲ್ಬೆರ್ತೋ ಬುರ್ರಿ ಇಂಥ ಚೀಲಗಳನ್ನೇ ಹೊಲಿದು, ಹರಿದು, ಚೌಕಟ್ಟಿಗೆ ಬಿಗಿದು ಚಿತ್ರ ಮಾಡಿದವರು. ಅವರು ಓದಿದ್ದು ವೈದ್ಯಕೀಯ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಡಾಕ್ಟರಾಗಿ ಸೆರೆಸಿಕ್ಕಿ, ಅಮೆರಿಕದ ಟೆಕ್ಸಾಸ್‌ನ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಚಿತ್ರ ಬರೆಯಲು ಶುರು ಮಾಡಿದರು. ಮನುಷ್ಯರ ಮೈಗೆ ಹೊಲಿಗೆ ಹಾಕಿದ ಕೈ ಚೀಲಕ್ಕೆ ಹೊಲಿಗೆ ಹಾಕಿದೆ ಎಂದು ಗೊತ್ತಾದ ಮೇಲೆ ಆ ತೇಪೆಗಳನ್ನು ಅಲಂಕಾರ ಅಂದುಕೊಳ್ಳಲು ನನಗೆ ಆಗುವುದಿಲ್ಲ.

ಹಾಗಾದರೆ ಗಂಜಿನ ಚೀಲವನ್ನು ತಂದು ಗೋಡೆಗೆ ತೂಗುಹಾಕಿದರೆ ಅದೂ ಕಲೆಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಚೀಲದ ಕೊಕ್ಕೆ ತೂತಿನಲ್ಲಿ ಹಮಾಲರ ದುಡಿಮೆಯ ಗುರುತು ಇದೆ, ಅದು ಯಾರ ಚಿತ್ರಕ್ಕೂ ಕಾಯುತ್ತಾ ಕೂತಿಲ್ಲ. ಕಲಾವಿದರು ಅದನ್ನು ಎತ್ತಿಕೊಂಡರೆ ಅದಕ್ಕೆ ತಮ್ಮ ಕಡೆಯಿಂದ ಏನಾದರೂ ಮಾಡಬೇಕು. ಎಲ್ಲಿ ಕತ್ತರಿಸುವುದು, ಯಾವ ತೂತನ್ನು ಬಿಡುವುದು, ಯಾವುದನ್ನು ಮುಚ್ಚುವುದು, ಯಾವ ಚೂರನ್ನು ಯಾವುದರ ಪಕ್ಕ ಇಡುವುದು. ಇಷ್ಟೂ ಇಲ್ಲದೆ ತಂದು ತೂಗುಹಾಕಿದರೆ ಇನ್ನೊಬ್ಬರ ಬೆವರಿನ ಮೇಲೆ ನಮ್ಮ ಸಹಿ ಹಾಕಿದಂತೆ.

ಇತ್ತೀಚೆಗೆ ನನ್ನನ್ನು ಕಾಡುವ ಇನ್ನೊಂದು ಸಂಗತಿ ಇದಕ್ಕೆ ಹತ್ತಿರದ್ದು. ಚಿತ್ರದ ಪಕ್ಕದ ಚೀಟಿಯಲ್ಲಿ ‘ಇಂಥ ಕೋಟೆಯ ಮಣ್ಣು’, ‘ಇಂಥ ನದಿಯ ಮರಳು’ ಎಂದು ಬರೆದಿರುತ್ತಾರೆ. ಚಿತ್ರದಲ್ಲಿ ನೋಡಿದರೆ ಆ ಮಣ್ಣು ಕಂದು ಬಣ್ಣದ ಕೆಲಸವನ್ನಷ್ಟೇ ಮಾಡಿರುತ್ತದೆ. ಅಂಗಡಿಯಿಂದ ತಂದ ಕಂದು ಟ್ಯೂಬ್ ಹಿಂಡಿದ್ದರೂ ಚಿತ್ರ ಹಾಗೇ ಇರುತ್ತಿತ್ತು. ಆಗ ಅರ್ಥ ಚೀಟಿಯಲ್ಲಿದೆ, ಚಿತ್ರದಲ್ಲಿ ಇಲ್ಲ. ನಾನು ಇಟ್ಟುಕೊಂಡಿರುವ ಪರೀಕ್ಷೆ ಇದು: ವಸ್ತುವನ್ನು ಬದಲಿಸಿ ನೋಡು, ಚಿತ್ರ ಬಿದ್ದುಹೋಗುತ್ತದೆಯೇ? ಬಿದ್ದುಹೋದರೆ ವಸ್ತು ಅಲ್ಲಿ ನಿಜವಾಗಿ ಕೆಲಸ ಮಾಡಿದೆ. ಬೀದರಿನವರಿಗೆ ಕೋಟೆಯ ಮಣ್ಣು ಹೆಮ್ಮೆಯ ಮಾತು ಹೌದು, ಆದರೆ ಅದಕ್ಕಿಂತ ಮೊದಲು ಅದು ಲೋಹವನ್ನು ಕಪ್ಪು ಮಾಡುವ ಮಣ್ಣು.

ಈ ಪರೀಕ್ಷೆಯಲ್ಲಿ ಎದೆಯೆತ್ತಿ ನಿಲ್ಲುವ ಕಲಾವಿದೆ ಎಂದರೆ ನಮ್ಮವರೇ ಆದ ಶೀಲಾ ಗೌಡ. ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಬಳಿ ಕಲಿತವರು. 1990ರ ದಶಕದಲ್ಲಿ ಅವರು ಎಣ್ಣೆಬಣ್ಣ ಬಿಟ್ಟು ಸಗಣಿ, ದಾರ, ಸೂಜಿ, ಕುಂಕುಮ ಹಿಡಿದರು. ಸಗಣಿ ನಮ್ಮ ಕಡೆ ಯಾರಿಗೆ ಹೊಸದು? ಕುಳ್ಳು ತಟ್ಟಿದ ಗೋಡೆಯ ಮೇಲೆ ಒಂದೊಂದು ಕುಳ್ಳಿನಲ್ಲೂ ಐದು ಬೆರಳು ಮೂಡಿರುತ್ತವೆ. ಅದು ಪೂಜೆಗೂ ಬೇಕು, ಒಲೆಗೂ ಬೇಕು. ತಟ್ಟುವ ಕೆಲಸ ಮಾತ್ರ ಹೆಣ್ಣುಮಕ್ಕಳದ್ದು. ಇಷ್ಟೆಲ್ಲ ಆ ವಸ್ತುವಿನ ಒಳಗೇ ಇದೆ, ಮೇಲಿಂದ ಏನೂ ಹೇಳಬೇಕಾಗಿಲ್ಲ.

‘ನನ್ನ ನೋವನ್ನು ಅವನಿಗೆ ಹೇಳು’ ಎಂಬ ಅರ್ಥದ ಹೆಸರಿನ ಅವರ ಕೃತಿಯೊಂದಿದೆ. ಉದ್ದುದ್ದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಪೋಣಿಸಿ, ನೂರಾರು ಅಡಿ ಎಳೆದು, ಆ ಎಳೆಗಳನ್ನೆಲ್ಲ ಕುಂಕುಮ ಮತ್ತು ಅಂಟಿನಿಂದ ಒಟ್ಟು ಸೇರಿಸಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಕೋಣೆಯ ಗೋಡೆಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸುತ್ತಾಡುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ಅದು ಗಾಳಿಯಲ್ಲಿ ಬರೆದ ಕೆಂಪು ಗೆರೆ. ಹತ್ತಿರ ಹೋದರೆ ಅಷ್ಟೂ ದಾರ ಸೂಜಿಯ ಸಣ್ಣ ಕಣ್ಣನ್ನು ದಾಟಿಬಂದಿದೆ ಎಂದು ಗೊತ್ತಾಗುತ್ತದೆ. ಸಾಂಬಾರ ಅರೆಯುವ ಕೆಲಸದಲ್ಲಿ, ಹೊಲಿಗೆ ಕೆಲಸದಲ್ಲಿ ಹಗಲು ಕಳೆದ ಹೆಣ್ಣುಮಕ್ಕಳು ಈ ಕೃತಿಯ ಮುಂದೆ ‘ಇದ್ರಾಗ ಏನ್ ಅದ’ ಎಂದು ಕೇಳುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಪ್ಲಾಸ್ಟಿಕ್ಕಿನ ಕೆಂಪು ಹಗ್ಗವನ್ನು ಅದೇ ಆಕಾರದಲ್ಲಿ ತೂಗುಹಾಕಿದರೆ ಏನೂ ಉಳಿಯುವುದಿಲ್ಲ.

ಹೀಗೆ ಹೇಳುತ್ತಾ ಹೋದರೆ ಮಣ್ಣು, ಸಗಣಿ, ಗೋಣಿ ಮಾತ್ರ ವಸ್ತು, ಎಣ್ಣೆಬಣ್ಣ ವಸ್ತುವೇ ಅಲ್ಲ ಅನ್ನುವಂತೆ ಕೇಳಿಸಬಹುದು. ಹಾಗೇನಿಲ್ಲ. ಅಮೂರ್ತ ಚಿತ್ರಕಾರ ವಿ.ಎಸ್. ಗಾಯ್ತೊಂಡೆ ಹೆಚ್ಚಾಗಿ ಎಣ್ಣೆಬಣ್ಣದಲ್ಲೇ ಕೆಲಸ ಮಾಡಿದರು. ರೋಲರ್ ಉರುಳಿಸಿ, ಚಪ್ಪಟೆ ಚಾಕುವಿನಿಂದ ಹರಡಿ, ಪದರದ ಮೇಲೆ ಪದರ ಹಚ್ಚಿ, ಕೆಲವು ಕಡೆ ತೆಗೆದು, ಒಣಗಲು ಬಿಟ್ಟು, ಮತ್ತೆ ಹಚ್ಚಿ. ವರ್ಷಕ್ಕೆ ಕೆಲವೇ ಚಿತ್ರ. ಅವರ ಚಿತ್ರದ ಬೆಳಕು ಮೇಲಿಂದ ಬೀಳುವುದಿಲ್ಲ, ಒಳಪದರದಿಂದ ಬರುತ್ತದೆ. ಅದು ಕಾದ ಹೊತ್ತಿನ ಬೆಳಕು. ನಸ್ರೀನ್ ಮೊಹಮ್ಮದಿ ಕೈಗೆತ್ತಿಕೊಂಡದ್ದು ಇನ್ನೂ ಕಡಿಮೆ: ಕಾಗದ, ಪೆನ್ಸಿಲ್, ಇಂಕು, ನಕ್ಷೆ ಬರೆಯುವವರ ಉಪಕರಣ. ಬರೀ ಗೆರೆಗಳು. ತಪ್ಪಲು ಜಾಗವೇ ಇಲ್ಲದ ಆ ಗೆರೆಗಳ ಮುಂದೆ ನಿಂತರೆ ನಮ್ಮ ಉಸಿರೂ ಬಿಗಿಯಾಗುತ್ತದೆ.

ವಸ್ತುವನ್ನು ನಂಬಿ ಕೆಲಸ ಮಾಡುವವರಿಗೆ ಬಾಳಿಕೆಯದ್ದೊಂದು ಚಿಂತೆ ಇದ್ದೇ ಇದೆ. ಅಮೆರಿಕದ ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲಿ, ತೆಳುವಾಗಿಸಿದ ಎಣ್ಣೆಬಣ್ಣವನ್ನು ಯಾವ ಲೇಪನವೂ ಇಲ್ಲದ ಬರಿ ಕ್ಯಾನ್ವಾಸಿನ ಮೇಲೆ ಸುರಿದು ಹೀರಿಕೊಳ್ಳಲು ಬಿಟ್ಟರು. ಬಣ್ಣ ಬಟ್ಟೆಯ ಮೇಲೆ ಕೂರದೆ ಬಟ್ಟೆಯೇ ಆಯಿತು. ಹೊಸ ದಾರಿ ತೆರೆಯಿತು. ಆದರೆ ಲೇಪನವಿಲ್ಲದ ಬಟ್ಟೆಯನ್ನು ಎಣ್ಣೆ ವರ್ಷ ಕಳೆದಂತೆ ತಿನ್ನುತ್ತದೆ. ಚಿತ್ರಕ್ಕೆ ಜೀವ ಕೊಟ್ಟದ್ದೇ ಅದರ ಆಯಸ್ಸನ್ನೂ ಕಡಿಮೆ ಮಾಡುತ್ತದೆ.

ನಮ್ಮ ಕರಿಮಣ್ಣಿನ ಹಲಗೆಗಳದ್ದೂ ಈಗ ಇದೇ ಪ್ರಶ್ನೆ. ಬರೀ ನೀರಿನಲ್ಲಿ ಹಚ್ಚಿದ್ದರಲ್ಲಿ ಸೀಳು ಅತ್ಯಂತ ಚೆಂದ, ಆದರೆ ಮುಟ್ಟಿದರೆ ಉದುರುತ್ತದೆ. ವಾರ್ನಿಶ್ ಹೊಡೆದರೆ ನಿಲ್ಲುತ್ತದೆ. ಆದರೆ ಮಣ್ಣು ಹೊಳೆಯತೊಡಗುತ್ತದೆ, ಆಗತಾನೇ ನೆನೆದಂತೆ ಕಾಣುತ್ತದೆ. ಒಣಗಿ ಬಿರಿದ ಮಣ್ಣು ಒದ್ದೆ ಇರುವುದು ಹೇಗೆ? ಮಕ್ಕಳು ಅದನ್ನು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಸದ್ಯಕ್ಕೆ ಹಲಗೆಗಳನ್ನು ಗೋಡೆಗೆ ತೂಗುಹಾಕದೆ ಬೆಂಚಿನ ಮೇಲೆ ಮಲಗಿಸಿ ಇಟ್ಟಿದ್ದೇವೆ. ನೋಡುವವರು ಬಗ್ಗಿ ನೋಡಬೇಕು, ಹೊಲವನ್ನು ನೋಡುವ ಹಾಗೆ. ಕಂಬಳಿ ನೇಯುವವರು ಉಣ್ಣೆ ದಾರಕ್ಕೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದು ಹೊಳೆಯುವುದಿಲ್ಲ. ಮುಂದಿನ ಸಲ ಅದನ್ನೇ ತೆಳ್ಳಗೆ ಮಾಡಿ ಮಣ್ಣಿಗೆ ಕಲಸಿ ನೋಡಬೇಕು ಅಂದುಕೊಂಡಿದ್ದೇವೆ. ಎಷ್ಟು ಕಲಸಿದರೆ ಮಣ್ಣು ಹಲಗೆಗೆ ಹಿಡಿದು ನಿಲ್ಲುತ್ತದೆ, ಎಷ್ಟಕ್ಕೆ ಸೀಳುವುದನ್ನೇ ನಿಲ್ಲಿಸಿಬಿಡುತ್ತದೆ ಎಂಬುದು ಹಚ್ಚಿ ಒಣಗಿಸಿದ ಮೇಲೆಯೇ ಗೊತ್ತಾಗಬೇಕು. ಬೀಜ ಹುರಿದು ಸಿಪ್ಪೆ ತೆಗೆಯುವ ಕೆಲಸ ಎಂಟನೆಯ ತರಗತಿಯವರು ವಹಿಸಿಕೊಂಡಿದ್ದಾರೆ.